ಕಾಮಾ ಉಸಿರಾಟದ ಗುರುತಲ್ಲ

‘ಓದುವಾಗ ಉಸಿರು ಎಳೆದುಕೊಳ್ಳುವ ಕಡೆ ಕಾಮಾ ಹಾಕಬೇಕು.’ ಚಿಕ್ಕಜಾಜೂರಿನ ಸುತ್ತಲಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವಾಗ ನಾನು ಅತಿ ಹೆಚ್ಚು ಸಲ ಹೊಡೆದುಹಾಕಿರುವ ನಿಯಮ ಇದು. ಕಾಮಾಗೆ ಒಂದು ಎಣಿಸು, ಸೆಮಿಕೋಲನ್‌ಗೆ ಎರಡು, ಫುಲ್‌ಸ್ಟಾಪ್‌ಗೆ ನಾಲ್ಕು ಎಂದು ನನಗೂ ಕಲಿಸಿದ್ದರು. ಇಂದಿಗೂ ಅದನ್ನೇ ಕಲಿಸುತ್ತಿದ್ದಾರೆ. ಅದು ತಪ್ಪು.

‘ದಿ ಟ್ರೇನ್ ದಟ್ ಲೀವ್ಸ್ ಚಿಕ್ಕಜಾಜೂರು ಫಾರ್ ಚಿತ್ರದುರ್ಗ ಈಸ್ ಲೇಟ್’ ಎಂದು ಬರೆಸಿದರೆ ಅರ್ಧ ತರಗತಿ ಚಿತ್ರದುರ್ಗದ ಮುಂದೆ ಕಾಮಾ ಹಾಕುತ್ತದೆ. ಉಸಿರು ಅಲ್ಲಿ ಮುಗಿಯುತ್ತದೆ, ನಿಜ. ಆದರೆ ಕರ್ತೃ ಎಷ್ಟೇ ಉದ್ದವಿರಲಿ, ಅದನ್ನು ಕ್ರಿಯಾಪದದಿಂದ ಒಂಟಿ ಕಾಮಾ ಬೇರ್ಪಡಿಸಬಾರದು. ‘ಯೆಸ್, ಸರ್’ ಎನ್ನುವಾಗ ಯಾರೂ ನಡುವೆ ಉಸಿರು ಎಳೆದುಕೊಳ್ಳುವುದಿಲ್ಲ. ಅಲ್ಲಿ ಕಾಮಾ ಬೇಕೇ ಬೇಕು.

ಏಕೆ ಬೇಕು? ‘ಕಾಲ್ ಮಿ ರಾಜು’ ಎಂದರೆ ನನ್ನನ್ನು ರಾಜು ಎಂದು ಕರೆ. ‘ಕಾಲ್ ಮಿ, ರಾಜು’ ಎಂದರೆ ರಾಜೂ, ನನಗೆ ಫೋನ್ ಮಾಡು. ನಾವು ಕರೆಯುವಾಗ ಹೆಸರಿನ ಕೊನೆಯ ಸ್ವರ ಎಳೆಯುತ್ತೇವೆ: ರಾಜೂ, ಅಕ್ಕಾ. ಇಂಗ್ಲಿಷಿಗೆ ಆ ಸೌಕರ್ಯವಿಲ್ಲ. ನಮ್ಮ ಸಂಬೋಧನೆ ಮಾಡುವ ಕೆಲಸವನ್ನು ಅಲ್ಲಿ ಕಾಮಾ ಮಾಡುತ್ತದೆ.

ಇನ್ನೊಂದು ನೋಡಿ. ‘ಮೈ ಬ್ರದರ್, ಹೂ ಲಿವ್ಸ್ ಇನ್ ಬೆಂಗಳೂರು, ಈಸ್ ಕಮಿಂಗ್’ ಎಂದರೆ ನನಗಿರುವವನು ಒಬ್ಬನೇ ಅಣ್ಣ, ಅವನಿರುವುದು ಬೆಂಗಳೂರಿನಲ್ಲಿ. ಎರಡೂ ಕಾಮಾ ತೆಗೆದರೆ ಅಣ್ಣಂದಿರು ಹಲವರಾಗುತ್ತಾರೆ, ಬರುತ್ತಿರುವವನು ಬೆಂಗಳೂರಿನವನು. ಕನ್ನಡದ ‘ಬೆಂಗಳೂರಿನಲ್ಲಿರುವ ನನ್ನ ಅಣ್ಣ’ ಎಂಬ ಮಾತು ಎರಡಕ್ಕೂ ನಡೆಯುತ್ತದೆ. ಇಲ್ಲಿಯೇ ನಮ್ಮ ಮಕ್ಕಳು ಎಡವುವುದು, ಇಲ್ಲಿಯೇ ಮೇಷ್ಟ್ರು ಹೆಚ್ಚು ಹೊತ್ತು ನಿಲ್ಲಬೇಕಾದದ್ದು.

ನಮ್ಮ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲು ಎಷ್ಟು ಹೊತ್ತು ನಿಂತರೂ ಅದು ದಾವಣಗೆರೆಗೋ ಚಿತ್ರದುರ್ಗಕ್ಕೋ ಎಂದು ತೀರ್ಮಾನಿಸುವುದು ಹಳಿಯ ಪಾಯಿಂಟು. ಕಾಮಾ ಆ ಪಾಯಿಂಟು.

ತಪ್ಪು ಕಲ್ಪನೆಗೆ ಮೂಲವೂ ಇದೆ. ಕ್ರಿಸ್ತಪೂರ್ವದಲ್ಲಿ ಅಲೆಕ್ಸಾಂಡ್ರಿಯದ ಗ್ರಂಥಪಾಲಕ, ಬೈಜಾಂಟಿಯಮ್ಮಿನ ಅರಿಸ್ಟೋಫನೀಸ್, ಗಟ್ಟಿಯಾಗಿ ಓದುವವರಿಗೆಂದೇ ಚುಕ್ಕೆಗಳನ್ನು ಇಡಿಸಿದ. ಆ ಕಾಲ ಮುಗಿದು ಮುದ್ರಣ ಬಂತು, ಕಣ್ಣಿನಲ್ಲೇ ಓದುವುದು ಬಂತು, ಚಿಹ್ನೆಗಳು ವ್ಯಾಕರಣದ ಕೆಲಸಕ್ಕೆ ಸೇರಿದವು. ನಮ್ಮಲ್ಲಿ ಮಾತ್ರ ‘ಅಲ್ಪವಿರಾಮ’ ಎಂಬ ಹೆಸರೇ ವಿಶ್ರಾಂತಿಯ ಪಾಠ ಹೇಳುತ್ತಾ ಉಳಿಯಿತು. ಕಾಮಾದ ನಿಜವಾದ ಕೆಲಸ ಅರ್ಥ ತೀರ್ಮಾನಿಸುವುದು: ಅಮೆರಿಕದ ಮೇನ್ ರಾಜ್ಯದ ಓವರ್‌ಟೈಮ್ ಕಾನೂನಿನ ಪಟ್ಟಿಯಲ್ಲಿ ಒಂದು ಕಾಮಾ ಇಲ್ಲದ್ದರಿಂದ ಓಕ್‌ಹರ್ಸ್ಟ್ ಡೈರಿಯ ಚಾಲಕರು 2017ರಲ್ಲಿ ಮೇಲ್ಮನವಿ ಗೆದ್ದರು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು. ಅಲ್ಲಿ ಯಾವ ನ್ಯಾಯಾಧೀಶರೂ ಉಸಿರು ಎಣಿಸಲಿಲ್ಲ.

ಉಳಿದ ತಪ್ಪು ನಿಯಮಗಳಿಗೆ ಒಂದೊಂದು ಮಾತು ಸಾಕು. ‘ಎ, ಇ, ಐ, ಓ, ಯು ಬಂದರೆ ಆ್ಯನ್’: ಅಲ್ಲ, ಅಕ್ಷರವಲ್ಲ ಉಚ್ಚಾರ; ಪದವನ್ನು ಉಚ್ಚರಿಸುವ ಹಾಗೆಯೇ ಕನ್ನಡದಲ್ಲಿ ಬರೆದು ನೋಡಿ, ಸ್ವರದಿಂದ ಶುರುವಾದರೆ ‘ಆ್ಯನ್ ಅವರ್’, ವ್ಯಂಜನವಾದರೆ ‘ಎ ಯೂನಿವರ್ಸಿಟಿ’. ‘ಬಹುವಚನದ ಎಸ್‌ಗೆ ಅಪಾಸ್ಟ್ರಫಿ’: ಬೇಡ, ಹೋಟೆಲಿನ ಬೋರ್ಡಿನ ‘ಮೀಲ್ಸ್’ಗೆ ಕೊಂಬು ಬೇಕಿಲ್ಲ. ‘ಬಟ್’ನಿಂದ ವಾಕ್ಯ ಶುರುಮಾಡಬಾರದು: ಎಷ್ಟೋ ಒಳ್ಳೆಯ ಲೇಖಕರು ಮಾಡಿದ್ದಾರೆ. ‘ಪ್ರಿಪೋನ್ ಎಂಬ ಪದವೇ ಇಲ್ಲ’: ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ.

ಇವೆಲ್ಲ ಬದುಕಿರುವುದು ಯಾರೂ ಪರೀಕ್ಷಿಸದ್ದರಿಂದ. ಯಾವುದಾದರೂ ಇಂಗ್ಲಿಷ್ ಪತ್ರಿಕೆಯ ಒಂದು ಪುಟ ಬಿಡಿಸಿದ್ದರೆ ಉಸಿರಿನ ನಿಯಮ ಅಲ್ಲೇ ಮುರಿದುಬೀಳುತ್ತಿತ್ತು. ಮೇಷ್ಟ್ರು ಹೇಳಿದರು, ಗೈಡಿನಲ್ಲಿದೆ, ಮೊಬೈಲಿನಲ್ಲಿ ಬಂತು ಎಂದು ಒಪ್ಪಿಕೊಳ್ಳುವ ಅಭ್ಯಾಸ ಕಾಮಾದಲ್ಲಿ ನಿಲ್ಲುವುದಿಲ್ಲ. ಔಷಧಿಗೂ ಓಟಿಗೂ ಹಬ್ಬುತ್ತದೆ. ನಮ್ಮ ಪರಂಪರೆ ಹೀಗಿರಲಿಲ್ಲ. 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ಬರೀ ಸೂತ್ರ ಹೇಳಿ ಸುಮ್ಮನಾಗಲಿಲ್ಲ, ಹಿಂದಿನ ಕವಿಗಳ ಪ್ರಯೋಗಗಳನ್ನು ಎದುರಿಗಿಟ್ಟ. ಅದಕ್ಕೇ ನನ್ನ ಮಕ್ಕಳಿಗೆ ಹೇಳುತ್ತೇನೆ: ನಾನು ಯಾವ ನಿಯಮ ಹೇಳಿದರೂ ‘ಸಾರ್, ಪ್ರಯೋಗ ಎಲ್ಲಿದೆ?’ ಎಂದು ಕೇಳಿ. ಸರ್ ಎಂದು ಕರೆದ ಮೇಲೆ ಕಾಮಾ ಮರೆಯಬೇಡಿ.