ನದಿ ದಾಟಿದ ಹಾಡು, ಗಾಳಿಗೆ ಹೋದ ದನಿ

ಮಧ್ಯಾಹ್ನ ಹನ್ನೆರಡೂ ಕಾಲು. ಹತ್ತಿ ಹೊಲದ ಆಳುಗಳಿಗೆ ಊಟದ ಬಿಡುವು. ಬುತ್ತಿ ಬಿಚ್ಚುವ ಹೊತ್ತಿಗೆ ಸರಿಯಾಗಿ ರೇಡಿಯೊದಲ್ಲಿ ಮೌತ್ ಆರ್ಗನ್ ದನಿ ಏಳುತ್ತಿತ್ತು. ಎಷ್ಟೋ ವರ್ಷ ಅಮೆರಿಕದ ಮಿಸಿಸಿಪ್ಪಿ ನದಿಯ ಎರಡೂ ದಂಡೆಯ ಜನರಿಗೆ ಇದು ಊಟದಷ್ಟೇ ರೂಢಿಯಾಗಿತ್ತು.

ಕಾರ್ಯಕ್ರಮದ ಹೆಸರು ‘ಕಿಂಗ್ ಬಿಸ್ಕಿಟ್ ಟೈಮ್’. ಶುರುವಾದದ್ದು 1941ರ ನವೆಂಬರ್ 21ರಂದು, ಹೆಲೆನಾ ಎಂಬ ಗಡಿ ಊರಿನ ಕೆಎಫ್‌ಎಫ್‌ಎ ಕೇಂದ್ರದಲ್ಲಿ. ಹೆಲೆನಾ ಇರುವುದು ಅರ್ಕಾನ್ಸಾ ರಾಜ್ಯದಲ್ಲಿ. ನದಿ ದಾಟಿದರೆ ಮಿಸಿಸಿಪ್ಪಿ ರಾಜ್ಯ. ರೇಡಿಯೊ ದನಿಗೆ ದೋಣಿ ಬೇಕೇ? ಸಲೀಸಾಗಿ ಆಚೆ ದಂಡೆಯ ಹೊಲಗಳನ್ನು ಮುಟ್ಟಿತು.

ಹಿಟ್ಟಿನ ಪುಣ್ಯ

ಕಾರ್ಯಕ್ರಮ ಹುಟ್ಟಿದ ಕತೆಯೂ ಸ್ವಾರಸ್ಯವಾಗಿದೆ. ಸನ್ನಿ ಬಾಯ್ ವಿಲಿಯಮ್ಸನ್ ಮತ್ತು ರಾಬರ್ಟ್ ಲಾಕ್‌ವುಡ್ ಎಂಬ ಇಬ್ಬರು ಕಪ್ಪು ಕಲಾವಿದರಿಗೆ ತಮ್ಮ ರಾತ್ರಿಯ ಕಚೇರಿಗಳ ಸುದ್ದಿ ಊರಿಗೆ ಮುಟ್ಟಿಸಬೇಕಿತ್ತು. ರೇಡಿಯೊದವರು ‘ಯಾರನ್ನಾದರೂ ಪ್ರಾಯೋಜಕರನ್ನು ಹಿಡಿದು ತನ್ನಿ’ ಅಂದರಂತೆ. ದಿನಸಿ ಮಾರುವ ಸಗಟು ವ್ಯಾಪಾರಿ ಒಬ್ಬರು ಒಪ್ಪಿದರು. ಅವರ ಗೋಧಿ ಹಿಟ್ಟಿನ ಹೆಸರೇ ಕಿಂಗ್ ಬಿಸ್ಕಿಟ್. ಹಾಡಿನ ನಡುವೆ ಹಿಟ್ಟಿನ ಗುಣಗಾನ. ಹಿಟ್ಟೂ ಖರ್ಚಾಯಿತು, ಹಾಡೂ ಮನೆಮಾತಾಯಿತು. ಮುಂದೆ ಸನ್ನಿ ಬಾಯ್ ಹೆಸರಿನಲ್ಲೇ ಜೋಳದ ಹಿಟ್ಟು ಬಂತು!

ಈ ಹಾಡಿಗೆ ಬ್ಲೂಸ್ ಅಂತಾರೆ. ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ಹೊಲದಲ್ಲಿ, ಮನೆಯ ಜಗಲಿಯಲ್ಲಿ ಕಟ್ಟಿದ್ದು. ಒಂದು ಸಾಲು ಹಾಡಿ, ಅದನ್ನೇ ಮತ್ತೆ ಹಾಡಿ, ಮೂರನೆಯ ಸಾಲಿನಲ್ಲಿ ಉತ್ತರ ಕೊಡುವುದು ಇದರ ಸಾಮಾನ್ಯ ಧಾಟಿ. ಹೊಲದ ಕೆಲಸದ ನಡುವೆ ಈ ಕಾರ್ಯಕ್ರಮ ಕೇಳುತ್ತಿದ್ದ ಒಬ್ಬ ಹುಡುಗ ಮುಂದೆ ಬಿ.ಬಿ. ಕಿಂಗ್ ಎಂಬ ಹೆಸರಿನಿಂದ ಜಗತ್ತಿಗೇ ಗೊತ್ತಾದ.

ಕೇಳಿದವರು ಸಾವಿರ, ಉಳಿದದ್ದು?

ಎಲ್ಲರಿಗೂ ಆ ಭಾಗ್ಯ ಬರಲಿಲ್ಲ. 1910ರಲ್ಲಿ ಹುಟ್ಟಿದ ಹ್ಯೂಸ್ಟನ್ ಸ್ಟ್ಯಾಕ್‌ಹೌಸ್ ಅವರನ್ನೇ ನೋಡಿ. ಟಾಮಿ ಜಾನ್ಸನ್ ಎಂಬ ಹಿರಿಯರ ಹಾಡುಗಾರಿಕೆ ಕಲಿತವರು, ರಾಬರ್ಟ್ ನೈಟ್‌ಹಾಕ್‌ಗೆ ಗಿಟಾರ್ ಕಲಿಸಿದವರು. 1946ರಿಂದ ಹೆಲೆನಾದ ರೇಡಿಯೊದಲ್ಲಿ ನುಡಿಸಿದರು. ಹೊಟ್ಟೆಪಾಡಿಗೆ ಹಗಲು ಬೇರೆ ಕೆಲಸ, ರಾತ್ರಿ ಹಾಡು. ಸಾವಿರಾರು ಜನ ಅವರನ್ನು ಕೇಳಿದರು. ಆದರೆ ನೇರ ಪ್ರಸಾರದ ಹಾಡು ಆ ಕ್ಷಣಕ್ಕೇ ಮುಗಿಯಿತು. ಗಾಳಿಗೆ ಹೋದದ್ದು ಹೋಯಿತು. 1967ರವರೆಗೆ ಅವರ ಹೆಸರಿನಲ್ಲಿ ಒಂದು ಡಿಸ್ಕ್ ಕೂಡ ಇರಲಿಲ್ಲ.

ಆ ವರ್ಷ ಜಾರ್ಜ್ ಮಿಚೆಲ್ ಎಂಬ ಜಾನಪದ ಸಂಗ್ರಾಹಕರು ಟೇಪ್ ರೆಕಾರ್ಡರ್ ಹಿಡಿದು ಬಂದರು. ಸ್ಟ್ಯಾಕ್‌ಹೌಸ್, ನೈಟ್‌ಹಾಕ್, ಡ್ರಮ್ ಬಾರಿಸುವ ಪೆಕ್ ಕರ್ಟಿಸ್ ಮೂವರೂ ಸೇರಿ ನುಡಿಸಿದರು. ಅದೇ ನವೆಂಬರ್‌ನಲ್ಲಿ ನೈಟ್‌ಹಾಕ್ ತೀರಿಕೊಂಡರು. ಕೆಲವೇ ತಿಂಗಳು ತಡವಾಗಿದ್ದರೆ ಹಳೆಯ ಗೆಳೆಯರ ಆ ಜೊತೆಗಾರಿಕೆ ಟೇಪಿಗೂ ಸಿಗುತ್ತಿರಲಿಲ್ಲ.

ಈಗ ಪಾಡ್‌ಕಾಸ್ಟ್ ಸರದಿ

ಇಂಥ ಮರೆತ ಹೆಸರುಗಳನ್ನು ಈಗ ಹುಡುಕಿ ಕೊಡುತ್ತಿರುವುದು ಪಾಡ್‌ಕಾಸ್ಟ್. ಅಂದರೆ ಫೋನಿನಲ್ಲಿ ಬೇಕೆಂದಾಗ ಕೇಳುವ ಕಂತು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನ ರೇಡಿಯೊದಿಂದ ಬಂದ ‘ಬಿಗ್ ರೋಡ್ ಬ್ಲೂಸ್’ ಅಂಥದ್ದೊಂದು. ವಾರಕ್ಕೊಂದು ವಿಷಯ. ಒಂದು ಊರು, ಒಂದು ವಾದ್ಯ, ಇಲ್ಲವೇ ಯಾರೂ ನೆನೆಯದ ಒಬ್ಬ ಹಾಡುಗಾರ. ಕಂತಿನ ಹೆಸರು ಬಂದದ್ದು ಸ್ಟ್ಯಾಕ್‌ಹೌಸ್ ಅವರ ಗುರು ಟಾಮಿ ಜಾನ್ಸನ್ 1928ರಲ್ಲಿ ಹಾಡಿದ ಹಾಡಿನಿಂದ.

ಒಂದು ದಿನದ ಉತ್ಸಾಹದಿಂದ ಇದು ಆಗುವ ಕೆಲಸವಲ್ಲ. ‘ಕಿಂಗ್ ಬಿಸ್ಕಿಟ್’ ನಿರೂಪಕ ಸನ್ನಿ ಪೇನ್ 1951ರಿಂದ ಮೈಕಿನ ಮುಂದೆ ಕೂತವರು. 2018ರಲ್ಲಿ 92ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಕಾರ್ಯಕ್ರಮ 17 ಸಾವಿರ ಕಂತು ದಾಟಿತ್ತು. ಒಂದೇ ಹೊತ್ತಿಗೆ, ಒಂದೇ ನಿಷ್ಠೆಯಿಂದ ನಡೆದದ್ದಕ್ಕೇ ಜನ ಕಿವಿಗೊಟ್ಟರು.

ರೇಡಿಯೊ ಗಡಿ ದಾಟುವ ಸುಖ ಇಲ್ಲಿಯ ಓದುಗರಿಗೆ ಹೊಸದೇನಲ್ಲ. ಮಂಗಳೂರು ಆಕಾಶವಾಣಿ ಕಾಸರಗೋಡಿನ ಅಡುಗೆಮನೆಯಲ್ಲಿ, ಧಾರವಾಡ ಆಕಾಶವಾಣಿ ಜತ್ತ ಸೀಮೆಯ ಕಟ್ಟೆಯ ಮೇಲೆ ಕನ್ನಡವಾಡಿದ್ದು ಹಿರಿಯರಿಗೆ ನೆನಪಿದೆ. ಆದರೆ ಅಜ್ಜಿ ಹೇಳುವ ಸೋಬಾನೆ, ಬೀಸುವ ಪದ ಎಷ್ಟು ಮನೆಯಲ್ಲಿ ದಾಖಲಾಗಿವೆ? ಮಿಚೆಲ್ ಟೇಪ್ ರೆಕಾರ್ಡರ್ ಹೊತ್ತು ಊರೂರು ತಿರುಗಬೇಕಾಯಿತು. ಇವತ್ತು ಆ ಯಂತ್ರ ಎಲ್ಲರ ಜೇಬಿನಲ್ಲೇ ಇದೆ. ಅಜ್ಜಿಯೂ ಮನೆಯಲ್ಲೇ ಇದ್ದಾಳೆ.