ದುಡ್ಡು ನಿಮ್ಮದು, ಆಟ ಅವರದ್ದು

2024ರ ಮಾರ್ಚ್ 31, ಭಾನುವಾರ. ಅವತ್ತು ಒಂದು ಅಮೆರಿಕಕ್ಕೆ ಬೀಗ ಬಿತ್ತು.

ಗಾಬರಿ ಆಗ್ಬೇಡಿ, ನಿಜವಾದ ಅಮೆರಿಕ ಅಲ್ಲ. 'ದಿ ಕ್ರೂ' ಅನ್ನೋ ಕಾರ್ ರೇಸಿಂಗ್ ವಿಡಿಯೋ ಗೇಮ್ ಒಳಗಿದ್ದ ಅಮೆರಿಕ. ಇಡೀ ದೇಶವನ್ನೇ ಕುಗ್ಗಿಸಿ ಆ ಗೇಮ್‌ನೊಳಗೆ ಇಟ್ಟಿದ್ದರು. ನ್ಯೂಯಾರ್ಕ್‌ನಲ್ಲಿ ಗಾಡಿ ಸ್ಟಾರ್ಟ್ ಮಾಡಿ ಮುಕ್ಕಾಲು ಗಂಟೆ ಓಡಿಸಿದರೆ ಆ ತುದಿಯಲ್ಲಿ ಕ್ಯಾಲಿಫೋರ್ನಿಯಾದ ಸಮುದ್ರ. ನಡುವೆ ಹಿಮದ ಬೆಟ್ಟ, ಮರುಭೂಮಿ, ಊರುಕೇರಿ ಎಲ್ಲ. ಫ್ರಾನ್ಸ್‌ನ ಯುಬಿಸಾಫ್ಟ್ ಕಂಪನಿ 2014ರ ಡಿಸೆಂಬರ್‌ನಲ್ಲಿ ಈ ಗೇಮ್ ಬಿಡುಗಡೆ ಮಾಡಿತ್ತು. ಜನ ಅಂಗಡಿಗೆ ಹೋಗಿ ಪೂರ್ತಿ ಬೆಲೆ ಕೊಟ್ಟು, ಡಬ್ಬಿಯೊಳಗಿನ ಡಿಸ್ಕ್ ಮನೆಗೆ ತಂದರು. ಬಿಟ್ಟಿಯಾಗಿ ಹಂಚಿದ್ದೂ ಸೇರಿಸಿದರೆ ಒಂದು ಕೋಟಿಗೂ ಹೆಚ್ಚು ಜನ ಆಡಿದ ಗೇಮ್ ಇದು.

ಮಾರ್ಚ್ 31ರ ನಂತರ ಆ ಡಿಸ್ಕ್ ಏನಾಯ್ತು? ಏನೂ ಆಗಲಿಲ್ಲ. ಡಬ್ಬಿಯಲ್ಲಿ ಹಾಗೇ ಇದೆ. ಆದರೆ ಆಟ ತೆರೆಯೋದಿಲ್ಲ. ಯಾಕಂದ್ರೆ ಒಬ್ಬನೇ ಕೂತು ಆಡಬೇಕಾದರೂ ಈ ಗೇಮ್ ಕಂಪನಿಯ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ, ಹೋಗಿ ಅನುಮತಿ ಕೇಳಲೇಬೇಕಿತ್ತು. ಕಂಪನಿ ಸರ್ವರ್ ಆಫ್ ಮಾಡಿತು. ಆಟ ಸತ್ತಿತು.

ಇಷ್ಟಕ್ಕೇ ಮುಗಿದಿದ್ದರೆ 'ಹಳೇ ಗೇಮ್ ಕಣ್ರೀ, ಹತ್ತು ವರ್ಷ ಆಯ್ತಲ್ಲ' ಅಂತ ಜನ ಸುಮ್ಮನಾಗ್ತಿದ್ದರೇನೋ. ಆದರೆ ಏಪ್ರಿಲ್‌ನಲ್ಲಿ ಇನ್ನೊಂದು ಕೆಲಸ ನಡೆಯಿತು. ದುಡ್ಡು ಕೊಟ್ಟು ತಗೊಂಡವರ ಖಾತೆಗಳಿಂದ ಆ ಗೇಮ್‌ನ ಲೈಸೆನ್ಸನ್ನೇ ಯುಬಿಸಾಫ್ಟ್ ವಾಪಸ್ ತಗೊಂಡಿತು. ಸತ್ತ ಆಟವನ್ನ ನೆನಪಿಗೆ ಇಟ್ಟುಕೊಳ್ಳೋಕೂ ಬಿಡಲಿಲ್ಲ! ಅಲ್ಲಾ ಸ್ವಾಮಿ, ನಾನು ದುಡ್ಡು ಕೊಟ್ಟು ತಂದ ವಸ್ತುವನ್ನ ನನ್ನನ್ನ ಒಂದು ಮಾತೂ ಕೇಳದೆ ನನ್ನ ಕಪಾಟಿನಿಂದ ತೆಗೆದುಕೊಂಡು ಹೋಗೋಕೆ ನೀವ್ಯಾರು?

ಆ ಪ್ರಶ್ನೆಗೆ ಕಂಪನಿಗಳ ಹತ್ತಿರ ಉತ್ತರ ಸಿದ್ಧವಿದೆ. 'ನೀವು ಅದನ್ನ ಕೊಂಡಿರಲೇ ಇಲ್ಲ.'

ಇದನ್ನ ಸ್ವಲ್ಪ ಬಿಡಿಸಿ ನೋಡೋಣ. ಗೇಮ್ ಹಾಕಿಕೊಳ್ಳುವಾಗ, ಅಷ್ಟೇ ಯಾಕೆ, ನಿಮ್ಮ ಫೋನಿನಲ್ಲಿ ಯಾವುದೇ ಆ್ಯಪ್ ಹಾಕಿಕೊಳ್ಳುವಾಗ, ಹತ್ತಿಪ್ಪತ್ತು ಪುಟದ ಒಂದು ಷರತ್ತುಪತ್ರ ಬರುತ್ತೆ. ಕೆಳಗೆ 'ನಾನು ಒಪ್ಪಿದ್ದೇನೆ' ಅನ್ನೋ ಬಟನ್. ಯಾರು ಓದ್ತಾರೆ? ನಾನೂ ಓದಿಲ್ಲ, ನೀವೂ ಓದಿಲ್ಲ. ಆ ಪತ್ರದ ಹೆಸರು ಬಳಕೆದಾರರ ಲೈಸೆನ್ಸ್ ಒಪ್ಪಂದ. ಅದರ ಸಾರ ಏನು ಗೊತ್ತಾ? ಈ ಗೇಮ್ ನಿಮಗೆ ಮಾರಿಲ್ಲ, ಬಳಸೋಕೆ ಅನುಮತಿ ಕೊಟ್ಟಿದ್ದೇವೆ ಅಷ್ಟೇ. ಆ ಅನುಮತಿ ಬೇರೆಯವರಿಗೆ ಕೊಡೋ ಹಾಗಿಲ್ಲ, ಮಾರೋ ಹಾಗಿಲ್ಲ, ನಾವು ಬೇಕಾದಾಗ ಹಿಂದಕ್ಕೆ ತಗೋಬಹುದು. ಯುಬಿಸಾಫ್ಟ್‌ನ ಒಪ್ಪಂದದಲ್ಲಿ ಇನ್ನೂ ಒಂದು ಸಾಲಿದೆ. ಒಪ್ಪಂದ ಕೊನೆಯಾದರೆ ನಿಮ್ಮ ಬಳಿ ಇರೋ ಎಲ್ಲ ಪ್ರತಿಗಳನ್ನೂ ನೀವೇ ನಾಶ ಮಾಡಬೇಕಂತೆ. 2025ರ ಜುಲೈನಲ್ಲಿ ಈ ಸಾಲು ಜನರ ಕಣ್ಣಿಗೆ ಬಿದ್ದು ದೊಡ್ಡ ಗದ್ದಲವೇ ಆಯ್ತು. ಇಂಥ ಸಾಲು ಬೇರೆ ಕಂಪನಿಗಳ ಒಪ್ಪಂದಗಳಲ್ಲೂ ಇದೆ, ವರ್ಷಗಳಿಂದ ಇದೆ. ನಾವು ಓದಿರಲಿಲ್ಲ ಅಷ್ಟೇ.

ಸಿನಿಮಾ ಟಿಕೆಟ್ ತಗೊಂಡ್ರೆ ಥಿಯೇಟರ್ ನಮ್ಮದಾಗಲ್ಲ, ಒಪ್ಪೋಣ. ಆದರೆ ಟಿಕೆಟ್ ಮೇಲೆ ತಾರೀಖು ಇರುತ್ತೆ, ಶೋ ಟೈಮ್ ಇರುತ್ತೆ. ಬಾಡಿಗೆ ಮನೆಗೆ ಹೋದ್ರೆ 11 ತಿಂಗಳ ಕರಾರು ಅಂತ ಬರೆದುಕೊಡ್ತಾರೆ, ಖಾಲಿ ಮಾಡಿಸಬೇಕಾದರೆ ಮೊದಲೇ ನೋಟಿಸ್ ಕೊಡ್ತಾರೆ. ವಿಡಿಯೋ ಗೇಮ್ ವ್ಯವಹಾರದಲ್ಲಿ ಬೆಲೆ ಮಾರಾಟದ್ದು, ಷರತ್ತು ಬಾಡಿಗೆಯದ್ದು, ತಾರೀಖು ಮಾತ್ರ ಯಾರಿಗೂ ಗೊತ್ತಿಲ್ಲ. ನನ್ನ ಪ್ರಕಾರ ಇಡೀ ಜಗಳದ ಗಂಟು ಇರೋದು ಇಲ್ಲೇ. ಮುಚ್ಚಿದ್ದು ತಪ್ಪು ಅಂತಲ್ಲ. ಯಾವತ್ತು ಮುಚ್ತೀವಿ ಅಂತ ಹೇಳದೆ, ಪೂರ್ತಿ ದುಡ್ಡು ಎಣಿಸಿಕೊಂಡದ್ದು ತಪ್ಪು.

ಕಂಪನಿಗಳ ಮಾತನ್ನೂ ಕೇಳಬೇಕು. ಸರ್ವರ್ ನಡೆಸೋಕೆ ದುಡ್ಡು ಬೇಕು, ಜನ ಬೇಕು. ಆಡುವವರು ಕಡಿಮೆಯಾದ ಮೇಲೆ ಅದು ನಷ್ಟದ ಬಾಬ್ತು. 'ದಿ ಕ್ರೂ' ಮುಚ್ಚುವಾಗ ಯುಬಿಸಾಫ್ಟ್ ಕೊಟ್ಟ ಕಾರಣ ಎರಡು, ಸರ್ವರ್ ವ್ಯವಸ್ಥೆ ಮತ್ತು ಲೈಸೆನ್ಸ್ ತೊಡಕು. ಎರಡನೇದನ್ನ ಗಮನಿಸಿ. ಆ ಗೇಮ್‌ನಲ್ಲಿ ಓಡುವ ಕಾರುಗಳು ನಿಜವಾದ ಕಾರ್ ಕಂಪನಿಗಳ ಮಾದರಿಗಳು, ರೇಡಿಯೋದಲ್ಲಿ ಬರೋ ಹಾಡುಗಳು ನಿಜವಾದ ಗಾಯಕರವು. ಅವನ್ನೆಲ್ಲ ಬಳಸೋಕೆ ಗೇಮ್ ಕಂಪನಿ ಪಡೆಯೋ ಅನುಮತಿಗೆ ಸಾಮಾನ್ಯವಾಗಿ ಅವಧಿ ಇರುತ್ತೆ. ಅಂದರೆ ಕಾರು ಕಂಪನಿ ಜೊತೆ ಕೂತು ವರ್ಷ, ತಿಂಗಳು ಬರೆಸಿಕೊಂಡೇ ಸಹಿ ಹಾಕೋ ಜಾಣರು, ಗಿರಾಕಿಗೆ ಮಾತ್ರ ತಾರೀಖು ಹೇಳಲ್ಲ!

ಕಿತ್ತುಕೊಳ್ಳೋ ಈ ಚಾಳಿ ಗೇಮ್‌ಗಳಿಗೆ ಮಾತ್ರ ಅಂಟಿದ್ದೂ ಅಲ್ಲ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ ತನ್ನ ಕಿಂಡಲ್ ಗ್ರಾಹಕರು ಕೊಂಡಿದ್ದ ಒಂದು ಪುಸ್ತಕವನ್ನ ಅವರವರ ಯಂತ್ರದಿಂದ ದೂರದಲ್ಲೇ ಕೂತು ಅಳಿಸಿ ಹಾಕಿತು. ಯಾವ ಪುಸ್ತಕ ಅಂತೀರಿ? ಜಾರ್ಜ್ ಆರ್ವೆಲ್ ಬರೆದ '1984'! ಸರ್ಕಾರವೇ ಹಳೇ ದಾಖಲೆಗಳನ್ನ ಅಳಿಸಿ ತಿದ್ದುವ ಕಥೆ ಅದು. ಮಾರಿದವರಿಗೆ ಅದರ ಹಕ್ಕೇ ಇರಲಿಲ್ಲ ಅನ್ನೋದು ಅಮೆಜಾನ್ ಕೊಟ್ಟ ಕಾರಣ. ದುಡ್ಡು ವಾಪಸ್ ಕೊಟ್ಟರು, ಕಂಪನಿ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು.

ಸೋನಿ ಕಂಪನಿಯ 'ಕಾಂಕಾರ್ಡ್' ಗೇಮ್ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಮುಚ್ಚಿತು, ಎರಡೇ ವಾರ! ಜನ ಗೇಲಿ ಮಾಡಿದರು ನಿಜ. ಆದರೆ ಸೋನಿ ಕೊಂಡವರಿಗೆಲ್ಲ ದುಡ್ಡು ವಾಪಸ್ ಕೊಟ್ಟಿದ್ದರಿಂದ ಮೋಸ ಅಂತ ಯಾರೂ ಕೂಗಲಿಲ್ಲ.

ಈಗ ಆಟಗಾರರು ಏನು ಮಾಡಿದರು ನೋಡಿ. 2024ರ ಜನವರಿಯಲ್ಲಿ ಯುಬಿಸಾಫ್ಟ್‌ನ ಚಂದಾ ವಿಭಾಗದ ನಿರ್ದೇಶಕ ಫಿಲಿಪ್ ಟ್ರೆಂಬ್ಲೆ ಒಂದು ಸಂದರ್ಶನ ಕೊಟ್ಟಿದ್ದರು. ಗೇಮ್ ತಮ್ಮದಾಗಿರದಿದ್ದರೂ ಪರವಾಗಿಲ್ಲ ಅನ್ನೋದಕ್ಕೆ ಜನ ಒಗ್ಗಿಕೊಂಡರೆ ಮಾತ್ರ ಚಂದಾ ಪದ್ಧತಿ ಬೆಳೆಯುತ್ತೆ ಅನ್ನೋದು ಅವರ ಮಾತಿನ ತಾತ್ಪರ್ಯ. ತಿಂಗಳ ಚಂದಾ ಕಟ್ಟೋರ ಬಗ್ಗೆ ಆಡಿದ ಮಾತು ಅದು. ಆದರೆ ಎರಡೇ ತಿಂಗಳಲ್ಲಿ 'ದಿ ಕ್ರೂ' ಮುಚ್ಚಿದಾಗ, ಆ ಮಾತು ಬೆಂಕಿಗೆ ತುಪ್ಪ ಸುರಿದ ಹಾಗಾಯ್ತು. ಕೊಂಡರೂ ಅದು ನಮ್ಮದಲ್ಲ ಅನ್ನೋದಾದರೆ, ಕದ್ದು ಆಡೋದು ಕಳ್ಳತನ ಹೇಗಾಗುತ್ತೆ ಅನ್ನೋ ಘೋಷಣೆಗೆ ಹೊಸ ಕಾವು ಬಂತು. ಕೇಳೋಕೆ ಚುರುಕಾಗಿದೆ, ನ್ಯಾಯವೂ ಅನ್ನಿಸುತ್ತೆ. ನಾನು ಒಪ್ಪಲ್ಲ. ಬಾಡಿಗೆ ಕಾರು ನಮ್ಮದಲ್ಲ, ಹಾಗಂತ ಕದ್ದರೆ ಪೊಲೀಸರು ಬಿಡ್ತಾರಾ? ಆದರೆ ಅಷ್ಟು ವರ್ಷ ಪ್ರಾಮಾಣಿಕವಾಗಿ ದುಡ್ಡು ಕೊಟ್ಟ ಗಿರಾಕಿ ಹೀಗೆ ಮಾತಾಡೋ ಸ್ಥಿತಿಗೆ ಬಂದಿದ್ದಾನೆ ಅಂದ್ರೆ, ಅವನನ್ನ ಅಲ್ಲಿಗೆ ತಳ್ಳಿದ್ದು ಯಾರು?

ಕೆಲವರು ಕೋರ್ಟಿಗೆ ಹೋದರು. 2024ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಆಟಗಾರರು ಯುಬಿಸಾಫ್ಟ್ ಮೇಲೆ ಕೇಸ್ ಹಾಕಿದರು. ನಾವು ಕೊಳ್ತಿದ್ದೀವಿ ಅಂದುಕೊಂಡೇ ದುಡ್ಡು ಕೊಟ್ವಿ ಅನ್ನೋದು ಅವರ ವಾದ. ಲೈಸೆನ್ಸ್ ಅಷ್ಟೇ ಅಂತ ಮೊದಲೇ ತಿಳಿಸಿದ್ದೆವು ಅನ್ನೋದು ಕಂಪನಿ ವಾದ. ಆಗ ಅರ್ಜಿದಾರರು ಒಂದು ಫೋಟೋ ಮುಂದಿಟ್ಟರು. ಆ ಗೇಮ್ ಜೊತೆ ಬಂದ ಕೋಡ್ ಚೀಟಿಯ ಮೇಲೆ ಅವಧಿ ಮುಗಿಯೋ ವರ್ಷ ಅಂತ ಅಚ್ಚಾಗಿದ್ದು 2099!

ಕ್ಯಾಲಿಫೋರ್ನಿಯಾ ಸರ್ಕಾರ ಆ ಹೊತ್ತಿಗಾಗಲೇ ಒಂದು ಕಾನೂನು ತಂದಿತ್ತು. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಆನ್‌ಲೈನ್ ಅಂಗಡಿಗಳು ಗೇಮ್, ಸಿನಿಮಾ, ಪುಸ್ತಕದ ಪಕ್ಕ 'ಕೊಳ್ಳಿ' ಅಂತ ಬರೆಯೋದಾದರೆ, ಸಿಗೋದು ಬರೀ ಲೈಸೆನ್ಸ್ ಅಂತ ಎದ್ದು ಕಾಣುವ ಹಾಗೆ ಹೇಳಬೇಕು. ಡೌನ್‌ಲೋಡ್ ಮಾಡಿಕೊಂಡು ಇಂಟರ್‌ನೆಟ್ ಇಲ್ಲದೆಯೂ ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ ವಸ್ತುವಿಗೆ ಇದು ಅನ್ವಯಿಸಲ್ಲ. ಸ್ಟೀಮ್ ಅನ್ನೋದು ಕಂಪ್ಯೂಟರ್ ಗೇಮ್‌ಗಳ ಅತಿ ದೊಡ್ಡ ಅಂಗಡಿ. ದುಡ್ಡು ಕಟ್ಟೋ ಪುಟದಲ್ಲೇ ಅವರು ಈ ಎಚ್ಚರಿಕೆ ಹಾಕಿದರು. ಪೋಲೆಂಡಿನ ಜಿಒಜಿ ಅನ್ನೋ ಇನ್ನೊಂದು ಅಂಗಡಿಯವರು ಸಮಯ ನೋಡಿ, ನಮ್ಮಲ್ಲಿ ತಗೊಂಡ ಗೇಮ್‌ನ ಫೈಲು ನಿಮ್ಮ ಹತ್ತಿರವೇ ಇರುತ್ತೆ, ಯಾರೂ ಕಿತ್ತುಕೊಳ್ಳೋಕಾಗಲ್ಲ ಅಂತ ಜಾಹೀರಾತು ಮಾಡಿಕೊಂಡರು. ವ್ಯಾಪಾರಿ ಬುದ್ಧಿ ಅಂದ್ರೆ ಇದು!

ಆದರೆ ಎಚ್ಚರಿಕೆ ಬೋರ್ಡ್ ಹಾಕಿದ ತಕ್ಷಣ ಗುಂಡಿ ಮುಚ್ಚಿದ ಹಾಗಲ್ಲವಲ್ಲ.

ಗುಂಡಿ ಮುಚ್ಚಿಸೋಕೆ ಹೊರಟವರು ರಾಸ್ ಸ್ಕಾಟ್. ಪೋಲೆಂಡಿನಲ್ಲಿ ನೆಲೆಸಿರೋ ಅಮೆರಿಕದ ಯೂಟ್ಯೂಬರ್. 2024ರ ಏಪ್ರಿಲ್‌ನಲ್ಲಿ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್', ಅಂದರೆ ಆಟಗಳನ್ನ ಕೊಲ್ಲೋದು ನಿಲ್ಲಿಸಿ, ಅನ್ನೋ ಚಳವಳಿ ಶುರು ಮಾಡಿದರು. ಯುರೋಪ್ ಒಕ್ಕೂಟದಲ್ಲಿ ಒಂದು ಪದ್ಧತಿ ಇದೆ. ಒಂದು ವರ್ಷದಲ್ಲಿ 10 ಲಕ್ಷ ಪ್ರಜೆಗಳ ಸಹಿ, ಅದರ ಜೊತೆಗೆ ಕನಿಷ್ಠ 7 ದೇಶಗಳಲ್ಲಿ ನಿಗದಿತ ಸಂಖ್ಯೆ ದಾಟಿದರೆ, ಯುರೋಪಿಯನ್ ಕಮಿಷನ್ ಆ ಅರ್ಜಿಗೆ ಉತ್ತರ ಕೊಡಲೇಬೇಕು. 2024ರ ಜುಲೈ 31ಕ್ಕೆ ಸಹಿ ಸಂಗ್ರಹ ಶುರುವಾಯ್ತು. ಆರಂಭದಲ್ಲಿ ಭರ್ಜರಿ, ಆಮೇಲೆ ಮಂಕು. ಹನ್ನೊಂದು ತಿಂಗಳಾದರೂ ಅರ್ಧ ಗುರಿ ಮುಟ್ಟಿರಲಿಲ್ಲ. 2025ರ ಜೂನ್ ಕೊನೆಗೆ ಸ್ಕಾಟ್ ವಿಡಿಯೋ ಮಾಡಿ, ಇದು ಬಹುತೇಕ ಸೋತ ಹಾಗೆ ಅಂತ ಬೇಸರದಿಂದ ಹೇಳಿಕೊಂಡರು. ಆ ವಿಡಿಯೋ ನೋಡಿದ ದೊಡ್ಡ ದೊಡ್ಡ ಯೂಟ್ಯೂಬರ್‌ಗಳು ಕೈಜೋಡಿಸಿದರು. ಜುಲೈ ಮೊದಲ ವಾರದಲ್ಲೇ 10 ಲಕ್ಷ ದಾಟಿತು! ತಿಂಗಳ ಕೊನೆಗೆ 14 ಲಕ್ಷದ ಮೇಲೆ.

ಇವರು ಕೇಳ್ತಿರೋದು ಏನು? ಕಂಪನಿ ಕೊನೇತನಕ ಸರ್ವರ್ ನಡೆಸಬೇಕು ಅಂತಲ್ಲ. ಎಷ್ಟೋ ಜನ ಹಾಗೆ ತಪ್ಪು ತಿಳಿದಿದ್ದಾರೆ. ಮುಚ್ಚುವಾಗ ಆಟವನ್ನ ಆಡೋ ಸ್ಥಿತಿಯಲ್ಲಿ ಬಿಟ್ಟು ಹೋಗಿ ಅನ್ನೋದಷ್ಟೇ ಬೇಡಿಕೆ. ಸರ್ವರ್ ಇಲ್ಲದೆ ಓಡುವ ಹಾಗೆ ಒಂದು ಬದಲಾವಣೆ ಮಾಡಿ, ಇಲ್ಲವೇ ಆಟಗಾರರೇ ತಮ್ಮ ಸರ್ವರ್ ನಡೆಸಿಕೊಳ್ಳೋಕೆ ಬಿಡಿ. ಉದ್ಯಮದ ಸಂಘ 'ವಿಡಿಯೋ ಗೇಮ್ಸ್ ಯುರೋಪ್' ಇದನ್ನ ವಿರೋಧಿಸಿದೆ. ಖಾಸಗಿ ಸರ್ವರ್‌ನಲ್ಲಿ ಆಟಗಾರರ ಮಾಹಿತಿಗೆ ರಕ್ಷಣೆ ಇರಲ್ಲ, ಕಾನೂನುಬಾಹಿರ ವಿಷಯ ಬಂದರೆ ತೆಗೆಯೋರಿಲ್ಲ, ಮೊದಲಿನಿಂದಲೇ ಹೀಗೆ ರೂಪಿಸಬೇಕು ಅಂದ್ರೆ ಗೇಮ್ ತಯಾರಿಕೆ ವಿಪರೀತ ದುಬಾರಿಯಾಗುತ್ತೆ ಅಂತ. ಸಾವಿರಾರು ಜನ ಒಟ್ಟಿಗೆ ಆಡೋ ಗೇಮ್‌ಗಳ ವಿಷಯದಲ್ಲಿ ಈ ಮಾತಿಗೆ ತೂಕ ಇದೆ. ಒಬ್ಬನೇ ಕೂತು ಕಾರು ಓಡಿಸೋ ಗೇಮ್‌ಗೆ?

ಅಷ್ಟಕ್ಕೂ, ಆಗೋದೇ ಇಲ್ಲ ಅನ್ನೋ ವಾದ ನಿಲ್ಲಲ್ಲ. 'ನಾಕೌಟ್ ಸಿಟಿ' ಅನ್ನೋ ಗೇಮ್ ಮಾಡಿದ ವೆಲನ್ ಅನ್ನೋ ಸಣ್ಣ ಕಂಪನಿ 2023ರ ಜೂನ್‌ನಲ್ಲಿ ಸರ್ವರ್ ಮುಚ್ಚುವಾಗ, ಆಟಗಾರರೇ ನಡೆಸಿಕೊಳ್ಳಬಹುದಾದ ಆವೃತ್ತಿಯನ್ನ ಪುಕ್ಕಟೆಯಾಗಿ ಕೊಟ್ಟು ಹೋಯ್ತು. ಯುಬಿಸಾಫ್ಟ್ ಕೂಡ ಗಲಾಟೆ ಜೋರಾದ ಮೇಲೆ 'ದಿ ಕ್ರೂ 2'ಕ್ಕೆ ಇಂಟರ್‌ನೆಟ್ ಇಲ್ಲದೆ ಆಡೋ ವ್ಯವಸ್ಥೆ ಮಾಡ್ತೀವಿ ಅಂತ ಹೇಳಿ, 2025ರ ಅಕ್ಟೋಬರ್‌ನಲ್ಲಿ ಕೊಟ್ಟೂಬಿಟ್ಟಿತು. ಮೊದಲ 'ದಿ ಕ್ರೂ'? ಅದನ್ನ ಕಂಪನಿ ಬದುಕಿಸಲಿಲ್ಲ. ಅಭಿಮಾನಿಗಳ ಒಂದು ತಂಡ ಕಂಪನಿಯ ಸರ್ವರ್ ಮಾಡ್ತಿದ್ದ ಕೆಲಸವನ್ನೇ ಮಾಡೋ ತಂತ್ರಾಂಶ ಬರೆದು, 2025ರ ಸೆಪ್ಟೆಂಬರ್‌ನಲ್ಲಿ 'ದಿ ಕ್ರೂ ಅನ್‌ಲಿಮಿಟೆಡ್' ಹೆಸರಿನಲ್ಲಿ ಹೊರಗೆ ಬಿಟ್ಟಿತು. ಸಂಬಳ ಇಲ್ಲ, ಆಫೀಸ್ ಇಲ್ಲ. ಕಂಪನಿ ಬೀಗ ಹಾಕಿದ್ದ ಅಮೆರಿಕದಲ್ಲಿ ಮತ್ತೆ ಕಾರುಗಳು ಓಡಿದವು.

ಇದೆಲ್ಲ ನಮಗ್ಯಾಕೆ ಅನ್ನಬೇಡಿ. ಹೊಸ ಗೇಮ್ ಅಂದ್ರೆ ನಮ್ಮ ಮನೆಗಳಲ್ಲೂ ನಾಲ್ಕೈದು ಸಾವಿರ ರೂಪಾಯಿ ಮಾತು. ಮಗ ಅಮ್ಮನ ಫೋನಿನಿಂದ ಯುಪಿಐ ಮಾಡಿ ತಗೊಂಡ ಗೇಮ್‌ಗೂ ಇದೇ ಲೈಸೆನ್ಸ್. ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ಅನ್ಯಾಯದ ಒಪ್ಪಂದ' ಅಂತ ಒಂದು ವ್ಯಾಖ್ಯಾನ ಇದೆ. ಸರಿಯಾದ ಕಾರಣ ಇಲ್ಲದೆ ಒಬ್ಬರೇ ಏಕಪಕ್ಷೀಯವಾಗಿ ಒಪ್ಪಂದ ಮುರಿಯೋ ಹಕ್ಕು ಇಟ್ಟುಕೊಂಡರೆ, ಅದು ಆ ಪಟ್ಟಿಯಲ್ಲಿ ಬರುತ್ತೆ. ಇಂಥ ದೂರನ್ನ ಜಿಲ್ಲಾ ಆಯೋಗಕ್ಕೆ ಅಲ್ಲ, ರಾಜ್ಯ ಗ್ರಾಹಕ ಆಯೋಗಕ್ಕೆ ಒಯ್ಯಬೇಕು. ಸರ್ವರ್ ಖರ್ಚು, ಮುಗಿದ ಕಾರಿನ ಲೈಸೆನ್ಸ್, ಇವೆಲ್ಲ 'ಸರಿಯಾದ ಕಾರಣ' ಹೌದೋ ಅಲ್ಲವೋ ಅನ್ನೋದನ್ನ ಅಲ್ಲಿ ವಾದ ಮಾಡಬೇಕು.

ಬ್ರಿಟನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿದ್ದರಿಂದ, 2025ರ ನವೆಂಬರ್ 3ರಂದು ಸಂಸದರು ಈ ವಿಷಯ ಚರ್ಚೆ ಮಾಡಿದರು. ಗ್ರಾಹಕ ಕಾನೂನು ಬದಲಾಯಿಸೋ ಯೋಚನೆ ಇಲ್ಲ ಅನ್ನೋದು ಸರ್ಕಾರದ ಉತ್ತರ. ಯುರೋಪಿನಲ್ಲಿ ದೇಶದೇಶದ ಅಧಿಕಾರಿಗಳು ಆ 14 ಲಕ್ಷ ಸಹಿಗಳಲ್ಲಿ ಅಸಲಿ ಎಷ್ಟು ಅಂತ ಎಣಿಸಬೇಕಿತ್ತು. ಅದು ಮುಗಿದ ಮೇಲೆ ಅರ್ಜಿ ಕಮಿಷನ್ ಮುಂದೆ ಹೋಗಬೇಕಿತ್ತು.

ಇದರ ನಡುವೆ ಇನ್ನೊಂದು ತಾರೀಖು ಬಂತು. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ 2019ರಲ್ಲಿ 60 ಡಾಲರ್‌ಗೆ ಮಾರಿದ್ದ 'ಆಂಥಮ್' ಅನ್ನೋ ಗೇಮ್‌ನ ಸರ್ವರ್ 2026ರ ಜನವರಿ 12ಕ್ಕೆ ಬಂದ್ ಆಯ್ತು. ಅದಕ್ಕೂ ಇಂಟರ್‌ನೆಟ್ ಇಲ್ಲದೆ ಆಡೋ ದಾರಿ ಇರಲಿಲ್ಲ. ಡಿಸ್ಕ್ ಇದ್ದೋರು 11ನೇ ತಾರೀಖಿನ ಭಾನುವಾರ ಕೊನೇ ಸಲ ಪೂರ್ತಿ ದಿನ ಕೂತು ಆಡಬಹುದಿತ್ತು.