ಮನೆತನದಲ್ಲಿ ಇಳಿದು ಬರುವ ಸ್ತನ ಕ್ಯಾನ್ಸರ್

ಅಜ್ಜಿಯ ಮೂಗು, ತಂದೆಯ ನಿಲುವು, ಸೋದರತ್ತೆಯ ಗುಂಗುರುಗೂದಲು ಮಕ್ಕಳಿಗೆ ಬರುವುದನ್ನು ಎಲ್ಲರೂ ಬಲ್ಲರು. ರೂಪದಂತೆಯೇ ಕೆಲವು ರೋಗಗಳಿಗೆ ಈಡಾಗುವ ಸಂಭವವೂ ವಂಶಪಾರಂಪರ್ಯವಾಗಿ ಬರುತ್ತದೆ. ಸ್ತನ ಕ್ಯಾನ್ಸರ್ ಅಂಥವುಗಳಲ್ಲಿ ಒಂದು. ಆದರೆ ನೂರು ರೋಗಿಗಳಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಅದು ಹೀಗೆ ಬಂದಿರುತ್ತದೆ.

ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ೧೮೬೬ರಲ್ಲಿಯೇ ತನ್ನ ಪತ್ನಿಯ ಮನೆತನದಲ್ಲಿ ಹಲವು ತಲೆಮಾರುಗಳಿಂದ ಕಾಣಿಸಿಕೊಂಡಿದ್ದ ಈ ರೋಗದ ವಂಶಾವಳಿಯನ್ನು ಪ್ರಕಟಿಸಿದ್ದನು. ಅದರ ಕಾರಣ ತಿಳಿಯಲು ನೂರಕ್ಕೂ ಹೆಚ್ಚು ವರ್ಷಗಳು ಹಿಡಿದವು. ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಮತ್ತು ಸಂಗಡಿಗರು ೨೩ ಕುಟುಂಬಗಳನ್ನು ಅಭ್ಯಸಿಸಿ, ದೋಷದ ನೆಲೆ ೧೭ನೆಯ ವರ್ಣತಂತುವಿನಲ್ಲಿದೆಯೆಂದು ೧೯೯೦ರಲ್ಲಿ ತೋರಿಸಿದರು. ೧೯೯೪ರಲ್ಲಿ ಬಿ.ಆರ್.ಸಿ.ಎ.-೧ ಜೀನೂ, ಮರುವರ್ಷ ೧೩ನೆಯ ವರ್ಣತಂತುವಿನ ಬಿ.ಆರ್.ಸಿ.ಎ.-೨ ಜೀನೂ ಪತ್ತೆಯಾದವು.

ಜೀವಕೋಶದಲ್ಲಿ ಡಿ.ಎನ್.ಎ. ತುಂಡಾದಾಗ ಅದನ್ನು ದುರಸ್ತಿ ಮಾಡುವುದು ಇವುಗಳ ಕೆಲಸ. ಜೀನಿನಲ್ಲಿಯೇ ದೋಷವಿದ್ದರೆ ದುರಸ್ತಿ ಕುಂಠಿತವಾಗಿ ಕ್ಯಾನ್ಸರಿಗೆ ದಾರಿಯಾಗುತ್ತದೆ. ಇಂಥ ದೋಷವುಳ್ಳ ನೂರು ಮಹಿಳೆಯರಲ್ಲಿ ಎಂಬತ್ತರ ವಯಸ್ಸಿನೊಳಗೆ ಸುಮಾರು ೭೦ ಮಂದಿಗೆ ಸ್ತನ ಕ್ಯಾನ್ಸರ್ ಬರಬಹುದು; ಅಂಡಾಶಯದ ಕ್ಯಾನ್ಸರಿನ ಸಂಭವವೂ ಹೆಚ್ಚು.

ದಕ್ಷಿಣ ಭಾರತದ ಕುಟುಂಬಗಳ ಸ್ಥಿತಿಯೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಕುಮಾರವೇಲ್ ಸೋಮಸುಂದರಂ ಮತ್ತು ಸಂಗಡಿಗರು ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ನೀಡುತ್ತದೆ. ಮನೆತನದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದ ದಕ್ಷಿಣ ಭಾರತದ ೬೧ ರೋಗಿಗಳಲ್ಲಿ ೧೭ ಮಂದಿಗೆ ಜೀನುಗಳ ದೋಷ ಕಂಡಿತು. ಯೂರೋಪ್ ಮೂಲದ ಯೆಹೂದಿಗಳಲ್ಲಿ ಹೆಚ್ಚಾಗಿ ಕಾಣುವ ದೋಷವೊಂದು ಇವರಲ್ಲಿ ಹತ್ತು ಮಂದಿಯಲ್ಲಿದ್ದುದು ಗಮನಾರ್ಹ.

ಈ ಶೋಧನೆಗೆ ನಮ್ಮ ಸಮಾಜದಲ್ಲಿರುವ ದೊಡ್ಡ ಅಡ್ಡಿಯೆಂದರೆ ಮೌನ. ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತೆಂದು ತಾಯಿಯ ರೋಗವನ್ನು ಮುಚ್ಚಿಡುವ ಮನೆಗಳುಂಟು. ಊರು ಬಿಟ್ಟು ವಿಜಯವಾಡ, ಗನ್ನವರಂ, ವಿಶಾಖಪಟ್ಟಣಗಳಲ್ಲಿ ನೆಲೆಸಿದವರಿಗೆ ದೊಡ್ಡಮ್ಮ, ಅತ್ತೆಯರ ಕಾಯಿಲೆಯ ವಿವರ ತಿಳಿಯುವುದೇ ಕಷ್ಟ. ತಂದೆಯ ಕಡೆಯಿಂದಲೂ ದೋಷ ಬರಬಹುದೆಂಬುದನ್ನು ಅನೇಕರು ಅರಿಯರು. ತಾಯಿಯಲ್ಲಾಗಲಿ ತಂದೆಯಲ್ಲಾಗಲಿ ದೋಷವಿದ್ದರೆ, ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಂಭವ ಅರ್ಧಕ್ಕರ್ಧ.

ಮನೆತನದಲ್ಲಿ ಇಬ್ಬರು ಮೂವರಿಗೆ ಈ ರೋಗ ಬಂದಿದ್ದರೆ, ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ, ಗಂಡಸರಿಗೆ ಬಂದಿದ್ದರೆ, ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ ತಜ್ಞರ ಸಲಹೆ ಪಡೆಯಬೇಕು. ಪರೀಕ್ಷೆಗೆ ಸ್ವಲ್ಪ ರಕ್ತ ಅಥವಾ ಜೊಲ್ಲು ಸಾಕು. ಸಾಧ್ಯವಿದ್ದಲ್ಲಿ ರೋಗ ಬಂದವರನ್ನೇ ಮೊದಲು ಪರೀಕ್ಷಿಸುವುದು ಲೇಸು. ಅವರಲ್ಲಿ ಕಂಡ ದೋಷ ಮಗಳಲ್ಲಿ ಇಲ್ಲವೆಂದಾದರೆ, ಆಕೆಯ ಭಯ ಬಹುಮಟ್ಟಿಗೆ ದೂರವಾಗುತ್ತದೆ. ಇದ್ದರೂ ಅದು ರೋಗವಲ್ಲ, ಮುನ್ನೆಚ್ಚರಿಕೆ. ವರ್ಷಕ್ಕೊಮ್ಮೆ ಎಂ.ಆರ್.ಐ. ತಪಾಸಣೆ, ಮಕ್ಕಳಾದ ಬಳಿಕ ಅಂಡಾಶಯಗಳನ್ನು ತೆಗೆಸುವುದು, ಬೇಕೆನಿಸಿದರೆ ಸ್ತನಗಳ ಶಸ್ತ್ರಚಿಕಿತ್ಸೆ, ಹೀಗೆ ಹಲವು ಮಾರ್ಗಗಳಿವೆ. ನಿರ್ಧಾರ ಆಕೆಯದೇ ಆಗಿರಬೇಕು.

ಹಬ್ಬಕ್ಕೋ ಮದುವೆಗೋ ಬಂಧುಗಳು ಕೂಡಿದಾಗ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ರೋಗ ಬಂದಿತ್ತೆಂದು ಕೇಳಿ ಬರೆದಿಡುವುದು ಒಳಿತು. ಹಿರಿಯರು ಸಂಕೋಚ ಬಿಟ್ಟು ಹೇಳಿದ ಒಂದು ಮಾತು ಮೊಮ್ಮಗಳ ಜೀವವನ್ನು ಉಳಿಸಬಲ್ಲದು.